ಬಿದಿರಿಗೆ ಚಳಿಯಾದಾಗ

ಪುಷ್ಯ ಮಾಸ ಹುಟ್ಟುವ ಮೊದಲೇ ಊರವರೆಲ್ಲ ಹಿತ್ತಲ ಬಿದಿರಿಗೆ ಹುಲ್ಲು ಸುತ್ತಿ, ಮೇಲೆ ಗೋಣಿಚೀಲ ಹೊದಿಸಿ ಕಟ್ಟುತ್ತಿದ್ದರು. ಚಳಿ ಹತ್ತಿದ ಬಿದಿರು ಬೆಚ್ಚನೆಯ ಮೈ ಹುಡುಕಿಕೊಂಡು ಬರುತ್ತದೆಂದು ಎಲ್ಲರಿಗೂ ಗೊತ್ತು. ಹೋದ ವರ್ಷ ಮಾಸ್ತರರ ನಾಯಿಯನ್ನು ಮಲ್ಲಿಗೆ ಮೊಗ್ಗಿನಂತೆ ಪೋಣಿಸಿಬಿಟ್ಟಿತ್ತು.

ಅಂದು ಬೆಳಿಗ್ಗೆ ಕಾಗೆಯ ಕೂಗು ಹೆಪ್ಪುಗಟ್ಟಿ ಹಂಚಿನ ಮೇಲೆ ಬೀಳುವಂಥ ಚಳಿ. ಎಮ್ಮೆ ಅರಚಿದ್ದು ಕೇಳಿ ಗುರುಬಸವ್ವ ಕೊಡಲಿ ಹಿಡಿದು ಕೊಟ್ಟಿಗೆಗೆ ಓಡಿದಳು. ಈಟಿಯಂಥ ಮೂರು ಮೊಳಕೆಗಳು ಗೋಡೆ ಸೀಳಿ ಒಳಗೆ ಬಂದಿದ್ದವು. ಒಂದು ಎಮ್ಮೆಯ ತೊಡೆಗೆ ನಾಟಿ ಬಿಸಿ ರಕ್ತ ಹೀರುತ್ತಿತ್ತು. ಅವಳು ಅದನ್ನು ಕಡಿದಳು. ಉಳಿದೆರಡು, ಕಂಬಳಿ ಹೊದ್ದು ಅವಳ ಹಿಂದೆಯೇ ಓಡಿಬಂದ ಮೈದುನ ಈರಭದ್ರನ ಕಪಾಳಕ್ಕೆ ಬಾರಿಸಿ, ನೆಲಕ್ಕೆ ಕೆಡವಿ, ಎದೆಗೆ ಗುರಿಯಿಟ್ಟವು.

"ಬಿದಿರಿನ ಬಡಗಣ ಮಗ್ಗಲಿಗೆ ಹುಲ್ಲು ಕಟ್ಟಿಲ್ಲೇನೋ?"

"ಎಮ್ಮಿಗೆ ಸಾಲೂದಿಲ್ಲಂತ ಉಳಿಸಿದ್ನಿ, ಅತ್ತಿಗಿ!"

"ಏನ್ ಶಾಣ್ಯಾನೋ! ಎಮ್ಮಿ ಮೇವು ಉಳಿಸಾಕ ಹೋಗಿ ಎಮ್ಮಿನ್ನ ಬಿದಿರಿಗೆ ಮೇವು ಮಾಡೀದಿ!"

ಒಂದು ಕಡಿದರೆ ನಾಲ್ಕು ಚಿಗುರುವ ಬಿದಿರಿಗೆ ಕೊಡಲಿ ಸಾಲದು. ಈರಭದ್ರ ಹೊದ್ದಿದ್ದ ಎರಡೂ ಕಂಬಳಿಗಳನ್ನು ಗುರುಬಸವ್ವ ಕಿತ್ತುಕೊಂಡು ಹಿತ್ತಲಿಗೆ ಹಾರಿದಳು. ಮುಖಕ್ಕೆ ಬಾರಿಸುತ್ತಿದ್ದ ಗಳಗಳನ್ನು ಮೊಣಕೈಯಲ್ಲಿ ತಳ್ಳುತ್ತ, ಬರಿಮೈಯಲ್ಲಿದ್ದ ಬಡಗಣ ಮಗ್ಗಲಿಗೆ ಕಂಬಳಿ ಸುತ್ತಿ ಹಗ್ಗ ಬಿಗಿದಳು. ಬಿದಿರು ಒಮ್ಮೆ ನಡುಗಿ ಸುಮ್ಮನಾಯಿತು. ಮೊಳಕೆಗಳು ಬಂದ ದಾರಿಯಲ್ಲೇ ಹಿಂದೆ ಸರಿದವು.

ಎಮ್ಮೆಯ ಗಾಯಕ್ಕೆ ಅರಿಸಿನ ಮೆತ್ತಿದಳು. ಅದು ಮೇವಿಗೆ ಬಾಯಿ ಹಾಕಿದ ಮೇಲೆಯೇ ಅವಳಿಗೆ ಉಸಿರು ಬಂತು. ಹಲ್ಲು ಕಟಕಟಿಸುತ್ತ ಈರಭದ್ರ ಅವಳತ್ತ ಬಂದ.

"ಅತ್ತಿಗಿ, ಭಾಳ ಚಳಿ..."

ಗುರುಬಸವ್ವ ಕೊಡಲಿ ಎತ್ತಿದಳು.

"ಅಲ್ಲೇ ನಿಂದ್ರು! ಚಳಿ ಆದವ್ರು ಏನ್ ಮಾಡ್ತಾರಂತ ಈಗಷ್ಟ ನೋಡೀನಿ."