ಮೆಕ್ಕೆ ಸೀಕು

ಚಿಕ್ಕಬಸವಯ್ಯ ಚೀಲದಿಂದ ಮುಸುಕಿನ ಜೋಳದ ತೆನೆಗಳನ್ನು ತೆಗೆದು ಜಗಲಿಯ ಮೇಲಿಟ್ಟಾಗ ದೊಡ್ಡಮಲ್ಲಮ್ಮ ಹಿಂದೆ ಸರಿದಳು. ಅವನ್ನು ಹೊಸ್ತಿಲು ದಾಟಿಸಬೇಡ, ಬೇಲಿಯಾಚೆ ಇಟ್ಟು ಬಾ ಎಂದಳು.

ಬಂದವನಿಗೆ ದಿಕ್ಕು ತೋಚಲಿಲ್ಲ. ಹಂಗಳ ಊರಿನ ಆ ಮನೆಯ ಒಬ್ಬನೇ ಮಗ ನೀಲಕಂಠಸ್ವಾಮಿ ಜ್ವರದಲ್ಲಿ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಸಂತೆಮರಹಳ್ಳಿ ಕಡೆಯ ಬೀಜದ ಫಾರಂನಲ್ಲಿ ಇಬ್ಬರೂ ಜೊತೆಗೆ ಕೆಲಸಕ್ಕಿದ್ದವರು. ಸ್ನೇಹಿತ ಕೈಯಾರೆ ಬಿತ್ತಿದ ತಾಕಿನ ತೆನೆ, ಹೆತ್ತವರ ಬಾಯಿಗೆ ಬೀಳಲಿ ಎಂದು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದ.

ಕಂಬಕ್ಕೆ ಒರಗಿ ಕುಳಿತಿದ್ದ ಶಾಂತಮಲ್ಲಪ್ಪ, ಹೆಂಡತಿಯ ಪರವಾಗಿ ತಾನೇ ವಿವರ ಹೇಳಿದ. ಮುಂಗಾರಿನಲ್ಲಿ ಮನೆಗೆ ಬಂದಾಗ ಮಗ ಹಿತ್ತಲಲ್ಲಿ ಒಂದು ಸಾಲು ಇದೇ ಬೀಜ ಹಾಕಿದ್ದ. ಆಮೇಲೆ ಕಾಯಿಲೆ ಹೊತ್ತುಕೊಂಡು ಬಂದು ಮಲಗಿದ ಹೊತ್ತಿಗೆ ಅದು ತೆನೆ ಕಟ್ಟುತ್ತಿತ್ತು. ಜ್ವರ ಏರಿದಾಗಲೆಲ್ಲ ಹಿತ್ತಲ ಕಡೆ ಕೈ ಮಾಡಿ ಒಂದೇ ಮಾತು ಆಡುತ್ತಿದ್ದ.

“ಮೆಕ್ಕೆ ಸೀಕು, ಮೆಕ್ಕೆ ಸೀಕು ಅಂತಿದ್ದ ಕಣಪ್ಪ,” ಎಂದಳು ದೊಡ್ಡಮಲ್ಲಮ್ಮ. “ಆ ಮೆಕ್ಕೆಜೋಳದಿಂದ್ಲೇ ನಂಗೆ ಸೀಕು ಬಂದದೆ ಅಂತ ತೋರುಸ್ತಾವ್ನೆ ಅಂದ್ಕಂಡೆ. ಎಲ್ಲಿಂದ ಬಂದ ಬೀಜವೋ, ಯಾವ ಗಾಳಿ ಅಂಟ್ಕಂಡಿತ್ತೋ. ಬುಡ ಸಮೇತ ಕೀಳ್ಸಿ ಬೇಲಿಯಾಚೆ ಹಾಕುಸ್ಬುಟ್ಟೆ. ಹಗ್ಗ ಕಿತ್ಕಂಡೋಗಿ ನಮ್ಮ ಹಸ ಅಷ್ಟನ್ನೂ ಮೇದ್ಬುಡ್ತು. ಅದಕ್ಕೆ ಮಾತ್ರ ಏನೂ ಆಗ್ನಿಲ್ಲ. ಯಾಕೆ ಆಗ್ನಿಲ್ಲ ಅನ್ನೋದೇ ನಂಗೆ ತಿಳೀದು.”

ಚಿಕ್ಕಬಸವಯ್ಯ ತೆನೆಯ ಮುಸುಕನ್ನು ಸವರಿದ. ಸುಮ್ಮನೇ ಇದ್ದುಬಿಡಬಹುದಾಗಿತ್ತು. ಆದರೆ ಮಾತು ಜಾರಿತು.

“ಅದು ಮೆಕ್ಕೆ ಸೀಕು ಅಲ್ಲ ಅವ್ವ. ಮೆಕ್ಸಿಕೊ. ಒಂದು ದೇಶದ ಹೆಸ್ರು.”

ಆಡಿದ ಮೇಲೆ ಪೂರ್ತಿ ಹೇಳದೆ ವಿಧಿಯಿರಲಿಲ್ಲ. ಈ ಬೀಜ ಆ ದೇಶದ್ದು. ಫಾರಂ ನೋಡಲು ಬಂದಿದ್ದ ಹೊರದೇಶದವರೊಬ್ಬರು, ಅಲ್ಲಿಯ ಬೀದಿಗಳಲ್ಲಿ ತೆನೆಯನ್ನು ಸುಟ್ಟು, ಮೇಲೆ ಏನೇನೋ ಬಳಿದು ಮಾರುವ ಬಗೆಯನ್ನು ಮಾಡಿ ತೋರಿಸಿದ್ದರು. ಲಿಂಗ ಕಟ್ಟಿದವನು ಮುಟ್ಟಬಾರದ ಮೊಟ್ಟೆಯ ಲೇಪವನ್ನು ನೀಲಕಂಠ ಬಿಡಿಸಿ, ಅದರ ಬದಲು ಗಟ್ಟಿ ಮೊಸರು ಹಾಕಿಸಿಕೊಂಡು ತಿಂದಿದ್ದ. ಅದರ ರುಚಿಗೆ ಸೋತು ಮೆಕ್ಸಿಕೊ ಜೋಳ, ಮೆಕ್ಸಿಕೊ ಜೋಳ ಎನ್ನುತ್ತಿದ್ದ. ಹಿತ್ತಲಿನದು ಬರಲಿ, ಅವ್ವನ ಕೈಲಿ ಮಾಡಿಸುತ್ತೇನೆ ಎಂದೂ ಹೇಳುತ್ತಿದ್ದ.

“ಹಂಗಾದ್ರೆ ಅವ್ನು ಕಾಯ್ಲೆ ಹೆಸ್ರು ಹೇಳ್ನಿಲ್ವಾ?”

“ಇಲ್ಲ ಅವ್ವ.”

“ತಿನ್ನಕ್ಕೆ ಕೇಳುದ್ನಾ?”

ಚಿಕ್ಕಬಸವಯ್ಯ ಶಾಂತಮಲ್ಲಪ್ಪನ ಮುಖ ನೋಡಿದ. ಶಾಂತಮಲ್ಲಪ್ಪ ನೆಲ ನೋಡುತ್ತಾ, ಜ್ವರದವರ ಮಾತಿಗೆ ಅರ್ಥ ಕಟ್ಟಬಾರದು ಎಂದ. ಕೇಳಿದ್ದರೂ ಅದು ಪಥ್ಯದಲ್ಲಿ ಕೊಡುವ ಪದಾರ್ಥವಲ್ಲ ಎಂದೂ ಸೇರಿಸಿದ. ಅವಳ ಕಿವಿಗೆ ಅದು ಬಿದ್ದಂತೆ ಕಾಣಲಿಲ್ಲ. ಆ ಪದವನ್ನು ತುಟಿಯೊಳಗೇ ಒಮ್ಮೆ ಕೂಡಿಸಿ, ಒಮ್ಮೆ ಬಿಡಿಸಿ ಹೇಳಿಕೊಳ್ಳುತ್ತಿದ್ದಳು. ಎರಡೂ ಒಂದೇ ಥರ ಕೇಳುತ್ತಿದ್ದವು. ಮಗನ ಬಾಯಿಂದ ಬಂದದ್ದು ಯಾವುದು ಎಂಬುದು ಈಗ ಅವಳಿಗೇ ನೆನಪಿಗೆ ಬರಲೊಲ್ಲದು. ಮಗನ ದನಿಯೂ ಅದರ ಜೊತೆಗೇ ಮಸುಕಾಗುತ್ತಿದೆಯೇನೋ ಎನಿಸಿ ಥಟ್ಟನೆ ಎದ್ದಳು.

“ಒಲೆ ಹಚ್ತೀನಿ. ಹೆಂಗೆ ಅಂತ ಹೇಳು.”

ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಯಲು ಬಿಟ್ಟರು. ಹೊತ್ತು ಇಳಿಯುವಾಗ ಚಿಕ್ಕಬಸವಯ್ಯ ಅಡುಗೆಮನೆಯ ಹೊಸ್ತಿಲ ಈಚೆ ಕುಳಿತು ಹೇಳಿದಂತೆ ಅವಳು ಮುಸುಕು ಸುಲಿದು, ಕೆಂಡದ ಮೇಲೆ ತೆನೆಗಳನ್ನು ತಿರುವಿ ತಿರುವಿ ಸುಟ್ಟಳು. ಬೆಣ್ಣೆ ಸವರಿದಳು. ಮೊಸರು ಬಳಿದು ಉಪ್ಪು ಖಾರ ಉದುರಿಸಿದಳು. ಇಷ್ಟೆಲ್ಲ ಬಳಿದರೆ ಜೋಳದ ರುಚಿ ಎಲ್ಲಿ ಉಳಿಯುತ್ತದೆ ಎಂದು ಗೊಣಗಿದಳು. ಕೊನೆಗೆ ಹಾಲಿಗೆ ನಿಂಬೆಹಣ್ಣು ಹಿಂಡಿ ಒಡೆಸಿ, ಆ ಗಟ್ಟಿಯನ್ನು ಪುಡಿ ಮಾಡಿ ಮೇಲೆ ಉದುರಿಸಬೇಕು ಎಂದಾಗ ಕೈ ನಿಂತಿತು. ಮನೆಯಲ್ಲಿ ಹಾಲು ತಾನಾಗಿ ಒಡೆದರೇ ಅಪಶಕುನ. ಬೇಕೆಂದೇ ಯಾರಾದರೂ ಒಡೆಸುತ್ತಾರೆಯೇ?

ಬೇಡವಾದರೆ ಬಿಡಿ ಎಂದ ಅವನು.

“ಈ ಮನೇಲಿ ಇನ್ನೇನು ಒಡಿಯೋದು ಉಳ್ದದೆ? ಕೊಡು ನಿಂಬೆಹಣ್ಣ.”

ಮಗ ಮಲಗಿದ್ದ ಜಾಗವನ್ನು ಸಾರಿಸಿ, ಎಲೆ ಹಾಸಿ, ಒಂದು ತೆನೆ ಇಟ್ಟಳು. ಹಣೆಗೆ ವಿಭೂತಿ ಇಟ್ಟುಕೊಂಡು ಕೈ ಮುಗಿದಳು. ಶಿವನಿಗೆ ಏನು ಹೇಳುವುದು, ಮಗನಿಗೆ ಏನು ಹೇಳುವುದು ಎಂದು ತಿಳಿಯದೆ ಬರಿದೇ ನಿಂತಿದ್ದಳು. ಆಮೇಲೆ ಉಳಿದ ತೆನೆಗಳನ್ನು ಗಂಡನಿಗೂ ಬಂದವನಿಗೂ ಕೊಟ್ಟು, ತಾನೂ ಒಂದು ತೆಗೆದುಕೊಂಡಳು. ಚಿಕ್ಕಬಸವಯ್ಯ ಕಚ್ಚಿ ನೋಡಿ, ಹೆಚ್ಚುಕಡಿಮೆ ಹೀಗೇ ಇತ್ತು ಎಂದ. ಶಾಂತಮಲ್ಲಪ್ಪ ತಲೆ ಎತ್ತದೆ ನಿಧಾನವಾಗಿ ಅಗಿಯುತ್ತಿದ್ದ.

ಹಿತ್ತಲಲ್ಲಿ ಸುಲಿದು ಹಾಕಿದ್ದ ಮುಸುಕಿನ ವಾಸನೆಗೆ ಕೊಟ್ಟಿಗೆಯ ಹಸು ಹಗ್ಗ ಜಗ್ಗಿ ಕೂಗಿತು. ದೊಡ್ಡಮಲ್ಲಮ್ಮ ಕೈಯಲ್ಲಿದ್ದ ತೆನೆಗೆ ಇನ್ನೂ ಹಲ್ಲು ತಾಗಿಸಿರಲಿಲ್ಲ.

“ಆ ಹಸವ ಕೇಳ್ಬೇಕು ಕಣಪ್ಪ,” ಎಂದಳು. “ನನ್ನ ಮಗ ಈ ಹಿತ್ತಲಲ್ಲಿ ಬಿತ್ತಿದ್ದರ ರುಚಿ ಕಂಡಿರೋದು ಈ ಮನೇಲಿ ಅದೊಂದೇಯ.”