ಇಪ್ಪತ್ತಾರರ ತನಕ

ಕಾರುಗಳೂ ಆಯುಸ್ಸು ಬರೆಸಿಕೊಂಡೇ ಹುಟ್ಟುತ್ತಿದ್ದ ಕಾಲ. ಬರೆದಷ್ಟು ಕಿಲೋಮೀಟರು ಮುಗಿದರೆ ಯಾವ ಗಾಡಿಯೂ ಮತ್ತೆ ಏಳುತ್ತಿರಲಿಲ್ಲ. ಗದಿಗೆಪ್ಪ ಎಲ್ಲೆಲ್ಲೋ ಹುಡುಕಿ ತಂದ ಹಳೆಯ ಕಾರಿನಲ್ಲಿ ನಲವತ್ತೊಂದು ಉಳಿದಿತ್ತು. ಅವನ ಹೆಂಡತಿ ಶಂಕ್ರವ್ವನ ತವರಿಗೆ ಮೂವತ್ತೆಂಟು. ಅಲ್ಲಿ ಅವಳ ತಾಯಿ ಜೀವ ಹಿಡಿದುಕೊಂಡು ಮಗಳ ದಾರಿ ಕಾಯುತ್ತಿದ್ದಳು. ಊರಿನ ಬೇರೆ ಗಾಡಿಗಳೆಲ್ಲ ಆಗಲೇ ನಿಂತುಹೋಗಿದ್ದವು. ಶಂಕ್ರವ್ವನ ಮುರಿದ ಸೊಂಟ ಎತ್ತಿನ ಚಕ್ಕಡಿಯ ಕುಲುಕಾಟ ತಡೆಯುವಂತಿರಲಿಲ್ಲ.

ಗದಿಗೆಪ್ಪ ಹಿಂದಿನ ಸೀಟು ಕಿತ್ತು, ಕಾಲು ಕತ್ತರಿಸಿದ ಹೊರಸನ್ನು ಅಲ್ಲಿ ಕೂರಿಸಿದ. ಹಿಂದಿನ ಚಕ್ರಗಳು ಮಾತ್ರ ಅದುರುತ್ತಿದ್ದವು. ಜಾಕು ಕೊಟ್ಟು ಎತ್ತಿ, ಎಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ಗಾಳಿಯಲ್ಲಿ ತಿರುಗುವ ಚಕ್ರ ನೋಡುತ್ತಾ ಬೋಲ್ಟು ಬಿಗಿದ, ಸಡಿಲಿಸಿದ, ಮತ್ತೆ ಬಿಗಿದ. ಎರಡು ದಿನಕ್ಕೆ ಅದುರುವುದು ನಿಂತಿತು.

ಜಾಕು ಇಳಿಸಿ, ಹೆಂಡತಿಯನ್ನು ಎತ್ತಿ ತಂದು ಹೊರಸಿನ ಮೇಲೆ ಮಲಗಿಸಿ, ಮುಂದೆ ಕೂತವನು ಮೀಟರು ನೋಡಿ ಕೀಲಿ ತಿರುಗಿಸಲಿಲ್ಲ.

"ಯಾಕ್ರೀ?"

"ಇಪ್ಪತ್ತಾರ ಐತಿ."

"ಕಾರು ಅಂಗಳಾನ ದಾಟಿಲ್ಲಲ್ರೀ."

"ಚಕ್ರ ತಿರುಗಿದ್ದನ್ನ ಎಣಿಸೇತಿ ಅದು. ನನಗ ಹೊಳೀಲಿಲ್ಲ."

ಅವಳು ಹೊರಸಿನ ಅಂಚು ಹಿಡಿದು ತಲೆ ಎತ್ತಿದಳು.

"ಇಪ್ಪತ್ತಾರ ಮುಗಿಯೋ ಕಡೆ ಊರೇನರ ಬರತೈತೇನ್ರಿ?"

"ಇಲ್ಲ. ಬರೇ ಎರೆಹೊಲ."

"ಅಲ್ಲೀತನಕರ ನಡೀರಿ. ಅವ್ವಗ ಅಷ್ಟರ ಹತ್ತರ ಆಗತೀನಿ."

ಗದಿಗೆಪ್ಪ ಇಳಿದು ಮನೆಯೊಳಗೆ ಹೋದ. ಎರಡು ಕಂಬಳಿ, ಒಂದು ಕೊಡ ನೀರು ತಂದು ಅವಳ ಕಾಲ ಬುಡದಲ್ಲಿಟ್ಟ.