ನಾಲಿಗೆ ಚಾಚಿದ ಎತ್ತು

ಹಸಿ ಎರೆಮಣ್ಣಿನ ವಾಸನೆ ಬಂದರೆ ಈಗಲೂ ನನಗೆ ನೆನಪಾಗುವುದು ಚಿತ್ರಕಲೆ ಮಾಸ್ತರನಾಗಿದ್ದ ಕಾಕಾನ ದಪ್ಪ ಹೆಬ್ಬೆರಳು.

ಅಂದು ಮಣ್ಣೆತ್ತಿನ ಅಮಾವಾಸ್ಯೆ. ಮರೋಳದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಪೂಜೆಗೊಂದು ಎತ್ತು ಮಾಡಿದ್ದೆ. ಮೈ ತೊಳೆದ ಕೂಡಲೇ ನಮ್ಮ ಎತ್ತು ಬಸ್ಯಾ ಕುತ್ತಿಗೆ ಹೊರಳಿಸಿ ಬೆನ್ನು ನೆಕ್ಕುತ್ತಿದ್ದನಲ್ಲ, ಥೇಟ್ ಹಾಗೇ, ನಾಲಿಗೆ ಚಾಚಿದ ಎತ್ತು.

"ದೇವರ ಎತ್ತು ಹಿಂಗ ನಾಲಿಗಿ ಚಾಚ್ತದೇನಲೇ? ಎತ್ತಂದ್ರ ಗತ್ತಿನಿಂದ ನಿಂದ್ರಬೇಕು," ಅಂದ ಕಾಕಾ. ಹುಟ್ಟಿದಾಗಿನಿಂದ ಒಂದು ದಿನವೂ ಎತ್ತಿನ ಹಗ್ಗ ಹಿಡಿದವನಲ್ಲ. ನಾಲಿಗೆ ಕಿತ್ತ, ಹೆಬ್ಬೆರಳಿನಿಂದ ಒತ್ತಿ ಕುತ್ತಿಗೆ ನೆಟ್ಟಗೆ ಮಾಡಿದ. ನನ್ನ ಎತ್ತು ಸಾಲಿಯ ಪ್ರಾರ್ಥನೆಗೆ ನಿಂತ ಹಾಗಾಯಿತು.

ನೋಡುತ್ತ ಕೂತಿದ್ದ ಅಜ್ಜ ಎದ್ದು ಹೋಗಿ, ಬಸ್ಯಾನ ಮೈ ತೊಳೆದು ತಂದು ಕಾಕಾನ ಮುಂದೆಯೇ ನಿಲ್ಲಿಸಿದ. ಬಸ್ಯಾ ಕುತ್ತಿಗೆ ಹೊರಳಿಸಿ, ಗೇಣುದ್ದ ನಾಲಿಗೆ ಚಾಚಿದ.

ಅಜ್ಜ ಮಗನಿಗೆ ಕೈಮುಗಿದ. "ಬರ್ರಿ ಮಾಸ್ತರ, ಇದನ್ನೂ ಒಂದೀಟು ತಿದ್ದಿ ಕೊಡ್ರಿ."